ಕಿಕ್ ಹೊಡೆದು ಸುಸ್ತಾಗುವ ಮೊದಲು ಪ್ಲಗ್ ಬಿಚ್ಚಿ

ಮಳೆ ನಿಂತು ಕಾಡು-ತೋಟದ ದಾರಿಗಳು ಒಣಗತೊಡಗಿದ ಕೂಡಲೇ ನಮಗೆ ಬರುವ ಪತ್ರಗಳಲ್ಲಿ ಒಂದೇ ದೂರು ಹೆಚ್ಚು: 'ಡರ್ಟ್ ಬೈಕ್ ಸ್ಟಾರ್ಟ್ ಆಗ್ತಿಲ್ಲ.' ಹಾಗಾಗಿ ಈ ಸಂಚಿಕೆಯ ಪ್ರಶ್ನೋತ್ತರವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಪತ್ರ ಬರೆದವರ ಊರಿನ ಹೆಸರನ್ನಷ್ಟೇ ಕೊಟ್ಟಿದ್ದೇವೆ.

ನನ್ನ ಬಳಿ 2012ರ ಹೀರೊ ಇಂಪಲ್ಸ್ ಇದೆ. ಜೂನ್‌ನಲ್ಲಿ ಶೆಡ್ಡಿಗೆ ಹಾಕಿದ್ದನ್ನು ಈಗ ಹೊರಗೆ ತೆಗೆದೆ. ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಇದೆ. ಐವತ್ತು ಕಿಕ್ ಹೊಡೆದರೂ ಸದ್ದೇ ಇಲ್ಲ. ಹೊಸ ಪ್ಲಗ್ ಹಾಕಿದ್ದಾಯಿತು. ಪಕ್ಕದೂರಿನ ಮೆಕ್ಯಾನಿಕ್ 'ಸಿಡಿಐ ಹೋಗಿದೆ, ಹೊಸದು ತರಿಸಿ' ಅನ್ನುತ್ತಾರೆ. ತರಿಸಲೇ?
— ಮೂಡಿಗೆರೆ

ಈಗಲೇ ತರಿಸಬೇಡಿ. ಸಿಡಿಐ ಅಂದರೆ ಪ್ಲಗ್ಗಿಗೆ ಸರಿಯಾದ ಹೊತ್ತಿಗೆ ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಡಬ್ಬಿ. ನಿಲ್ಲಿಸುವಾಗ ಚೆನ್ನಾಗಿದ್ದ ಗಾಡಿ ನಾಲ್ಕು ತಿಂಗಳು ನಿಂತಲ್ಲೇ ನಿಂತು ಕೆಟ್ಟಿದ್ದರೆ ತಪ್ಪು ಸಿಡಿಐನಲ್ಲಿರುವುದು ತೀರಾ ಅಪರೂಪ. ನೂರಕ್ಕೆ ತೊಂಬತ್ತು ಸಲ ಅದು ಪೆಟ್ರೋಲ್ ದಾರಿಯಲ್ಲೇ ಇರುತ್ತದೆ. ಊಹೆಯ ಮೇಲೆ ಸಾಮಾನು ಬದಲಿಸಲು ಹೊರಟರೆ ಸಿಡಿಐ ಆದ ಮೇಲೆ ಕಾಯಿಲ್, ಕಾಯಿಲ್ ಆದ ಮೇಲೆ ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಪ್ಲೇಟ್ ಅಂತ ದುಡ್ಡು ಹೋಗುತ್ತಲೇ ಇರುತ್ತದೆ, ಗಾಡಿ ಮಾತ್ರ ಹಾಗೇ ನಿಂತಿರುತ್ತದೆ.

ಎಂಜಿನ್ ಹತ್ತಿಕೊಳ್ಳಲು ಮೂರು ಬೇಕು: ಗಾಳಿ ಬೆರೆತ ಪೆಟ್ರೋಲ್, ಸರಿಯಾದ ಹೊತ್ತಿಗೆ ಕಿಡಿ, ಪಿಸ್ಟನ್ ಮೇಲಿನ ಒತ್ತಡ ಅಂದರೆ ಕಂಪ್ರೆಷನ್. ಇವುಗಳಲ್ಲಿ ಯಾವುದು ಇಲ್ಲ ಅನ್ನುವುದನ್ನು ಪ್ಲಗ್ಗೇ ಹೇಳುತ್ತದೆ. ಚೋಕ್ ಎಳೆದು ಎಂಟು-ಹತ್ತು ಕಿಕ್ ಹೊಡೆಯಿರಿ, ಆ ಕೂಡಲೇ ಪ್ಲಗ್ ಬಿಚ್ಚಿ ತುದಿ ನೋಡಿ. ತುದಿ ಒಣಗಿದ್ದರೆ ಪೆಟ್ರೋಲ್ ಸಿಲಿಂಡರಿಗೆ ಬರುತ್ತಲೇ ಇಲ್ಲ. ಒದ್ದೆಯಿದ್ದು ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಓವರ್‌ಫ್ಲೋ ಆಗಿದೆ. ಒದ್ದೆಯಿದ್ದೂ ವಾಸನೆ ಸಪ್ಪೆ, ಬಟ್ಟೆಗೆ ಒರೆಸಿದರೆ ಹನಿಹನಿಯಾಗಿ ಜಾರುತ್ತದೆ ಅಂದರೆ ಅದು ನೀರು. ನೀವು ಹೊಸ ಪ್ಲಗ್ ಹಾಕುವಾಗ ಹಳೆಯದರ ತುದಿ ಹೇಗಿತ್ತು ಅಂತ ಬರೆದಿಲ್ಲ. ಇನ್ನೊಮ್ಮೆ ಬಿಚ್ಚಿ ನೋಡಿ, ಒಣಗೇ ಇರುತ್ತದೆ ಅನ್ನುವುದು ನಮ್ಮ ಅಂದಾಜು.

ಈಗ ಪೆಟ್ರೋಲ್ ವಿಚಾರ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್‌ಗೆ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಅದರಲ್ಲಿ ನೂರಕ್ಕೆ 20 ಪಾಲು ಎಥನಾಲ್. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ, ಅರ್ಧ ಖಾಲಿಯಿರುವ ಟ್ಯಾಂಕಿನಲ್ಲಿ, ಅದು ಹೀರಿದ್ದೇ ಹೀರಿದ್ದು. ನೀರು ಒಂದು ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಬಿಡುವ ನಲ್ಲಿ ಅಂದರೆ ಕಾಕ್ ಇರುವುದೂ ತಳದಲ್ಲೇ ಆದ್ದರಿಂದ ಕಾರ್ಬರೇಟರಿಗೆ ಮೊದಲು ಇಳಿಯುವುದು ಆ ನೀರೇ. ಇನ್ನೊಂದು ಕಡೆ, ಕಾರ್ಬರೇಟರಿನ ಬಟ್ಟಲಲ್ಲಿ ಉಳಿದಿದ್ದ ಸ್ವಲ್ಪ ಪೆಟ್ರೋಲ್ ಆರಿ, ಬೆಲ್ಲದ ಪಾಕದಂಥ ಅಂಟನ್ನು ಬಿಟ್ಟುಹೋಗಿರುತ್ತದೆ. 2012ರ ಗಾಡಿಯ ಓ ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ), ಪೈಪುಗಳೂ ಇಷ್ಟು ಎಥನಾಲ್‌ಗೆ ಮಾಡಿದವಲ್ಲ. ಊದಿಕೊಂಡಿದ್ದರೆ, ಉಗುರಿನಿಂದ ಒತ್ತಿದಾಗ ಬಿರುಕು ಬಿಟ್ಟರೆ ಬದಲಿಸಿ.

ಮಾಡಬೇಕಾದ್ದು ಇಷ್ಟು. ಗಾಡಿಯನ್ನು ಗಾಳಿಯಾಡುವ ಕಡೆ ನಿಲ್ಲಿಸಿ. ಹತ್ತಿರ ಒಲೆ, ಬೀಡಿ, ಬಲ್ಬು ಯಾವುದೂ ಬೇಡ. ಕಾರ್ಬರೇಟರಿನ ಬಟ್ಟಲಿನ ಕೆಳಗೊಂದು ಡ್ರೈನ್ ಸ್ಕ್ರೂ ಇದೆ. ಅದನ್ನು ಸಡಿಲಿಸಿ, ಬಂದದ್ದನ್ನು ಗಾಜಿನ ಸೀಸೆಯಲ್ಲಿ ಹಿಡಿದು ಐದು ನಿಮಿಷ ಅಲುಗಿಸದೆ ಇಡಿ. ಎರಡು ಪದರ ಕಂಡರೆ, ಅಥವಾ ಬಣ್ಣ ಚಹಾದಂತಾಗಿ ವಾರ್ನಿಷ್ ವಾಸನೆ ಬಂದರೆ, ಟ್ಯಾಂಕಿನದ್ದನ್ನೂ ಪೂರ್ತಿ ತೆಗೆಯಿರಿ. ಅದಕ್ಕೆ ಹೊಸ ಪೆಟ್ರೋಲ್ ಬೆರೆಸಿ ಓಡಿಸುತ್ತೇನೆ ಅನ್ನಬೇಡಿ. ಸ್ಕ್ರೂ ಬಿಚ್ಚಿದರೂ ಏನೂ ಬರದಿದ್ದರೆ ಕಾಕ್‌ನ ಜಾಲರಿ ಕಟ್ಟಿದೆ ಅಥವಾ ಬಟ್ಟಲಿಗೆ ಪೆಟ್ರೋಲ್ ಬಿಡುವ, ತುಂಬಿದಾಗ ನಿಲ್ಲಿಸುವ ಫ್ಲೋಟ್ ನೀಡಲ್ ಅಂಟಿಕೊಂಡು ಕೂತಿದೆ. ಪೈಪನ್ನು ಕಾರ್ಬರೇಟರಿನಿಂದ ಬಿಡಿಸಿ ಕಾಕ್ ತಿರುಗಿಸಿ. ಧಾರೆಯಾಗಿ ಬಂದರೆ ತಪ್ಪು ನೀಡಲ್‌ನದ್ದು, ಬರದಿದ್ದರೆ ಕಾಕ್‌ನದ್ದು.

ಬಟ್ಟಲನ್ನು ಕಳಚಿದಾಗ ಎರಡು ಹಿತ್ತಾಳೆ ಜೆಟ್ ಕಾಣುತ್ತವೆ. ದೊಡ್ಡದು ಮೇನ್ ಜೆಟ್. ಗಾಡಿ ಸ್ಟಾರ್ಟ್ ಆಗುವುದಕ್ಕೂ ಅದಕ್ಕೂ ಹೆಚ್ಚು ಸಂಬಂಧವಿಲ್ಲ. ಪಕ್ಕದಲ್ಲಿ ಒಳಗೆ ಅಡಗಿರುವ ಸಣ್ಣದು ಪೈಲಟ್ ಜೆಟ್, ಎಲ್ಲ ತೊಂದರೆಯ ಮೂಲ. ಅದರ ತೂತು ಹೆಚ್ಚುಕಡಿಮೆ 0.4 ಮಿ.ಮೀ., ಅಷ್ಟೇ. ಸ್ಕ್ರೂ ಡ್ರೈವರಿನ ಬಾಯಿ ಜೆಟ್‌ನ ತಲೆಯ ಸೀಳಿಗೆ ಸರಿಯಾಗಿ ಕೂತಿದೆಯೇ ನೋಡಿಯೇ ತಿರುಗಿಸಿ. ಹಿತ್ತಾಳೆ ಒಮ್ಮೆ ಕೊರೆದುಹೋದರೆ ಜೆಟ್ ಹೊರಗೇ ಬರುವುದಿಲ್ಲ. ಬೆಳಕಿಗೆ ಹಿಡಿದಾಗ ತೂತು ದುಂಡಗೆ ಕಾಣಬೇಕು. ಕಾಣದಿದ್ದರೆ ಕಾರ್ಬ್ ಕ್ಲೀನರಿನಲ್ಲಿ ಒಂದು ಗಂಟೆ ನೆನೆಸಿ, ವಿದ್ಯುತ್ ವೈರಿನೊಳಗಿನ ತಾಮ್ರದ ಒಂದೇ ಎಳೆ ತೂರಿಸಿ, ಗಾಳಿ ಹೊಡೆಯಿರಿ. ಸೂಜಿ, ಉಕ್ಕಿನ ತಂತಿ ಬೇಡವೇ ಬೇಡ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಮಿಶ್ರಣ ಕೆಡುತ್ತದೆ. ಜೆಟ್ ಕೂರುವ ಗುಂಡಿಯ ಒಳದಾರಿಗೂ ಕ್ಲೀನರ್ ಹೊಡೆದು, ಕಾರ್ಬರೇಟರಿನ ಬಾಯಲ್ಲಿರುವ ಪುಟ್ಟ ಕಿಂಡಿಗಳಿಂದ ಅದು ಚಿಮ್ಮುತ್ತದೆಯೇ ನೋಡಿ. ಕಣ್ಣಿಗೆ ಕನ್ನಡಕ ಇರಲಿ.

ಮಿಶ್ರಣದ ಸ್ಕ್ರೂ ಬಿಚ್ಚುವ ಮುನ್ನ ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ಕೂತಿತು ಅಂತ ಎಣಿಸಿ ಬರೆದಿಡಿ. ಲೆಕ್ಕ ತಪ್ಪಿದರೆ ಒಂದೂವರೆ ಸುತ್ತು ಹೊರಗಿಟ್ಟು ಶುರು ಮಾಡಿ, ಎಂಜಿನ್ ಬಿಸಿಯಾದ ಮೇಲೆ ಸರಿಪಡಿಸಿದರಾಯಿತು.

ಮಲೆನಾಡಿನವರಿಗೆ ಇನ್ನೊಂದು ಮಾತು. ಕಣಜದ ಹುಳಗಳಿಗೆ ಓವರ್‌ಫ್ಲೋ ಪೈಪು, ಟ್ಯಾಂಕಿನ ಗಾಳಿ ಪೈಪು ಅಂದರೆ ಕಟ್ಟಿಟ್ಟ ಮನೆ. ಮಣ್ಣು ತುಂಬಿ ಮುಚ್ಚಿಬಿಡುತ್ತವೆ. ಇಲಿಗಳು ಏರ್ ಫಿಲ್ಟರ್ ಡಬ್ಬಿಯಲ್ಲಿ ಗೂಡು ಮಾಡಿ ಫೋಮನ್ನೇ ಹಾಸಿಗೆ ಮಾಡಿಕೊಳ್ಳುತ್ತವೆ. ಸೈಲೆನ್ಸರ್ ಬಾಯಿಗೂ ಟಾರ್ಚ್ ಬಿಟ್ಟು ನೋಡಿ. ಇಷ್ಟೆಲ್ಲ ಆದ ಮೇಲೂ ಪ್ಲಗ್ ಒದ್ದೆಯಾಗಿ ಕಿಡಿ ಬಾರದಿದ್ದರೆ ಆಗ ಸಿಡಿಐ ಮಾತಾಡೋಣ. ಅದಕ್ಕೂ ಮುಂಚೆ ಏನೇನು ನೋಡಬೇಕು ಅನ್ನುವುದು ಮೈಸೂರಿನ ಪತ್ರದ ಉತ್ತರದಲ್ಲಿದೆ.

ಮುಂದಿನ ಮಳೆಗಾಲಕ್ಕೆ ನಿಲ್ಲಿಸುವಾಗ ಬಟ್ಟಲನ್ನು ಖಾಲಿ ಮಾಡುವುದು ಕಡ್ಡಾಯ. ಎರಡು ತಿಂಗಳಿಗಿಂತ ಹೆಚ್ಚು ನಿಲ್ಲುವುದಾದರೆ ಟ್ಯಾಂಕಿನದ್ದನ್ನೂ ತೆಗೆದು ದಿನಬಳಕೆಯ ಗಾಡಿಗೆ ಹಾಕಿಕೊಳ್ಳಿ. ಖಾಲಿ ಟ್ಯಾಂಕು ಒಳಗೆ ತುಕ್ಕು ಹಿಡಿಯದಂತೆ 50 ಮಿ.ಲೀ. 2ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಗೆ ಹಾಕುವ ಆಯಿಲ್) ಸುರಿದು ಎಲ್ಲ ಕಡೆಗೂ ಹರಡುವಂತೆ ಅಲುಗಿಸಿ. ಮತ್ತೆ ಪೆಟ್ರೋಲ್ ತುಂಬುವ ಮುಂಚೆ ಉಳಿದ ಆಯಿಲನ್ನು ಬಸಿಯಿರಿ.

ಕೋಲಾರದ ಕಡೆಯ ಮಣ್ಣಿನ ದಾರಿಯಲ್ಲಿ ನನ್ನ ಎಕ್ಸ್‌ಪಲ್ಸ್ 200 (ಇಂಜೆಕ್ಷನ್ ಮಾಡೆಲ್) ಬಿತ್ತು. ಎತ್ತಿ ನಿಲ್ಲಿಸಿ ಸೆಲ್ಫ್ ಒತ್ತಿದರೆ ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಬೇಸತ್ತು ಕೀ ತೆಗೆದು ಅರ್ಧ ಗಂಟೆ ಕೂತೆ. ಆಮೇಲೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ಮತ್ತೆ ಹೀಗಾದರೆ ಏನು ಮಾಡಲಿ?
— ಬೆಂಗಳೂರು

ಗಾಡಿ ಕೆಟ್ಟಿರಲಿಲ್ಲ, ತನ್ನ ಕೆಲಸ ಮಾಡಿತ್ತು. ಇಂಜೆಕ್ಷನ್ ಇರುವ, ಅಂದರೆ ಕಾರ್ಬರೇಟರ್ ಬದಲು ಕಂಪ್ಯೂಟರಿನ ಲೆಕ್ಕದಲ್ಲಿ ಪೆಟ್ರೋಲ್ ಸಿಂಪಡಿಸುವ ಬಹುತೇಕ ಗಾಡಿಗಳಲ್ಲಿ ವಾಲಿಕೆ ಗುರುತಿಸುವ ಸೆನ್ಸರ್ ಇರುತ್ತದೆ. ಗಾಡಿ ಅಡ್ಡ ಬಿದ್ದ ಕೂಡಲೇ ಅದು ಪೆಟ್ರೋಲ್ ಪಂಪು, ಕಿಡಿ ಎರಡನ್ನೂ ನಿಲ್ಲಿಸುತ್ತದೆ. ಎತ್ತಿ ನಿಲ್ಲಿಸಿದ ಮಾತ್ರಕ್ಕೆ ಬಿಡುವುದಿಲ್ಲ. ಕೀ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ನೀವು ಕೀ ತೆಗೆದು ಕೂತಿದ್ದೇ ಮದ್ದಾಯಿತು. ಅರ್ಧ ಗಂಟೆ ಬೇಕಿರಲಿಲ್ಲ, ಹತ್ತು ಸೆಕೆಂಡ್ ಸಾಕಿತ್ತು.

ಮತ್ತೆ ಬಿದ್ದಾಗ ಕೀ ಆಫ್, ಹತ್ತು ಎಣಿಸಿ ಆನ್. ಟ್ಯಾಂಕಿನ ಕಡೆಗೆ ಕಿವಿಗೊಡಿ: ಪಂಪು ಎರಡು-ಮೂರು ಸೆಕೆಂಡ್ 'ಝುಂಯ್' ಅಂದು ನಿಲ್ಲಬೇಕು. ಆ ಸದ್ದು ಬರದಿದ್ದರೆ ಮೊದಲು ಎಂಜಿನ್ ನಿಲ್ಲಿಸಲು ಹ್ಯಾಂಡಲ್ ಮೇಲಿರುವ ಕಿಲ್ ಸ್ವಿಚ್ ನೋಡಿ. ಬೀಳುವಾಗ ಹ್ಯಾಂಡಲ್ ನೆಲಕ್ಕೆ ತಾಗಿ ಅದು ಆಫ್ ಆಗಿರುವುದು ತುಂಬಾ ಸಾಮಾನ್ಯ, ಅನುಭವಿಗಳೂ ಮರೆಯುತ್ತಾರೆ. ಸ್ವಿಚ್ ಸರಿಯಿದ್ದೂ ಪಂಪು ಮಾತಾಡದಿದ್ದರೆ ಫ್ಯೂಸ್ ತೆಗೆದು ನೋಡಿ. ಪಂಪಿನ ಸದ್ದಿದೆ, ಸೆಲ್ಫ್ ತಿರುಗುತ್ತದೆ, ಪೆಟ್ರೋಲ್ ವಾಸನೆಯೂ ಬರುತ್ತಿದೆ ಅಂದರೆ ಎಂಜಿನ್ ಪೆಟ್ರೋಲ್ ಕುಡಿದುಬಿಟ್ಟಿದೆ. ಆಗ ಆಕ್ಸಿಲರೇಟರನ್ನು ಪೂರ್ತಿ ತಿರುವಿ ಹಿಡಿದು ಐದು ಸೆಕೆಂಡ್ ಸೆಲ್ಫ್ ಕೊಡಿ. ಹೀಗೆ ಮಾಡಿದಾಗ ಎಷ್ಟೋ ಇಂಜೆಕ್ಷನ್ ಗಾಡಿಗಳು ಪೆಟ್ರೋಲ್ ಸಿಂಪಡಿಸುವುದನ್ನು ನಿಲ್ಲಿಸಿ ಬರೀ ಗಾಳಿ ಎಳೆಯುತ್ತವೆ. ಸೆಲ್ಫನ್ನು ಒಮ್ಮೆಗೆ ಐದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ನಡುವೆ ಹದಿನೈದು ಸೆಕೆಂಡ್ ಬಿಡುವು ಕೊಡಿ. ಮೋಟರ್ ಸುಡುವುದು ಮತ್ತು ಬ್ಯಾಟರಿ ಇಳಿಯುವುದು ಎರಡೂ ಬಿಡದೆ ಒತ್ತುವುದರಿಂದಲೇ.

ಬ್ಯಾಟರಿ ಬಗ್ಗೆ ಒಂದು ಎಚ್ಚರಿಕೆ. ತುಂಬಿದ ಬ್ಯಾಟರಿ ನಿಂತಲ್ಲಿ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಒತ್ತಿದಾಗ 10ಕ್ಕಿಂತ ಕೆಳಗಿಳಿದರೆ, ಎಂಜಿನ್ ಗರಗರ ತಿರುಗಿದರೂ ಕಂಪ್ಯೂಟರ್, ಪಂಪು, ಕಿಡಿ ಮೂರಕ್ಕೂ ಬಲ ಸಾಲದು. ಪೂರ್ತಿ ಸತ್ತ ಬ್ಯಾಟರಿ ಇರುವ ಇಂಜೆಕ್ಷನ್ ಗಾಡಿಯನ್ನು ಹಳೆಯ ಕಾರ್ಬರೇಟರ್ ಗಾಡಿಯಂತೆ ತಳ್ಳಿ ಸ್ಟಾರ್ಟ್ ಮಾಡಲು ಹೋದರೆ ಬೆವರು ಸುರಿಯುವುದಷ್ಟೇ ಲಾಭ. ಇನ್ನು, ಸೈಡ್ ಸ್ಟ್ಯಾಂಡ್ ಸ್ವಿಚ್‌ಗೆ ಕೆಸರು ಮೆತ್ತಿದ್ದರೆ ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಆಗಿ ಗೇರ್ ಹಾಕಿದ ಕೂಡಲೇ ಆಫ್ ಆಗುತ್ತದೆ. ಹಾಗಾದರೆ ನೀರು ಹೊಡೆದು ತೊಳೆಯಿರಿ.

ನಮ್ಮ ಆರ್‌ಎಕ್ಸ್ 100 ಗಾಡೀನ ಡರ್ಟ್ ರೇಸಿಗಂತ ರೆಡಿ ಮಾಡೇವಿ. ಎರಡ ತಿಂಗಳಿಂದ ಬಿಳೀ ಹೊಗಿ ಬಾಳ ಬರ್ತಿತ್ತು. ಈಗ ಎಷ್ಟ ಕಿಕ್ ಹೊಡದ್ರೂ ಚಾಲೂ ಆಗವಲ್ದು. ಕರೆಂಟ್ ಐತಿ, ಪೆಟ್ರೋಲ್ ಬರ್ತೈತಿ, ಪ್ಲಗ್ ಮಾತ್ರ ಎಣ್ಣಿ ಎಣ್ಣಿ. ಗೇರ್ ಆಯಿಲೂ ಕಡಿಮಿ ಆಗೇತಿ, ಆದ್ರ ಹೊರಗೆಲ್ಲೂ ಸೋರಿಲ್ಲ.
— ಹುಬ್ಬಳ್ಳಿ

ಕೊನೆಯ ಸಾಲಿನಲ್ಲೇ ಉತ್ತರ ಇದೆ. ಹೊರಗೆ ಸೋರದ ಗೇರ್ ಆಯಿಲ್ ಒಳಗೇ ಉರಿದಿದೆ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೋಣೆಗೆ ಬಂದು, ಅಲ್ಲಿಂದ ಮೇಲೇರುತ್ತದೆ. ಆ ಕೋಣೆಯ ಎರಡು ಬದಿಗೂ ಕ್ರ್ಯಾಂಕ್ ಸೀಲ್ ಇವೆ. ಬಲಗಡೆ ಕ್ಲಚ್ ಬದಿಯ ಸೀಲ್ ಸವೆದರೆ ಪಿಸ್ಟನ್ ಮೇಲೇರಿದಾಗೆಲ್ಲ ಗೇರ್ ಬಾಕ್ಸಿನ ಆಯಿಲನ್ನು ಹೀರುತ್ತದೆ. ಬಿಳಿ ಹೊಗೆ, ಎಣ್ಣೆ ಮೆತ್ತಿದ ಪ್ಲಗ್, ಇಳಿಯುವ ಆಯಿಲ್ ಮಟ್ಟ ಎಲ್ಲವೂ ಅದರ ಗುರುತೇ. ಎಡಗಡೆ ಮ್ಯಾಗ್ನೆಟ್ ಬದಿಯದ್ದು ಹೋದರೆ ಲಕ್ಷಣ ಬೇರೆ: ಅಲ್ಲಿಂದ ಬರೀ ಗಾಳಿ ಒಳಹೋಗಿ ಮಿಶ್ರಣ ತೆಳುವಾಗುತ್ತದೆ, ಸ್ಟಾರ್ಟ್ ಆದರೆ ತಾನಾಗಿ ರೇಸ್ ಏರುತ್ತದೆ, ಎಂಜಿನ್ ವಿಪರೀತ ಕಾಯುತ್ತದೆ. ಅದನ್ನು ಹಾಗೇ ಓಡಿಸಿದರೆ ಪಿಸ್ಟನ್ ಸೀಜ್ ಆಗುತ್ತದೆ.

ಬಿಚ್ಚುವ ಮುನ್ನ ಖಚಿತ ಮಾಡಿಕೊಳ್ಳಲು ಒಂದು ಒಳ್ಳೆಯ ಪರೀಕ್ಷೆ ಇದೆ, ನಮ್ಮಲ್ಲಿ ಮಾಡುವವರು ಕಡಿಮೆ. ಸೈಲೆನ್ಸರ್ ಕಳಚಿ ಎಕ್ಸಾಸ್ಟ್ ಬಾಯಿಗೆ ರಬ್ಬರ್ ಬಿರಡೆ ಹಾಕಿ. ಕಾರ್ಬರೇಟರ್ ಕಳಚಿ ಮ್ಯಾನಿಫೋಲ್ಡ್ ಬಾಯಿಗೆ, ಸೈಕಲ್ ಟ್ಯೂಬಿನ ವಾಲ್ವ್ ಕೂರಿಸಿದ ಇನ್ನೊಂದು ಬಿರಡೆ ಹಾಕಿ. ಎಂಜಿನ್‌ಗೆ ತಾನಾಗಿ ಆಯಿಲ್ ಬೆರೆಸುವ ಆಟೋಲ್ಯೂಬ್ ಪಂಪು ತೆಗೆದಿದ್ದರೆ ಅದರ ತೂತು ಮುಚ್ಚಿರಬೇಕು. ಗೇಜ್ ಇರುವ ಸೈಕಲ್ ಪಂಪಿನಿಂದ 6 ಪಿಎಸ್‌ಐ ಗಾಳಿ ತುಂಬಿ. ಆರು ನಿಮಿಷ ಅದು ಹೆಚ್ಚುಕಡಿಮೆ ಹಾಗೇ ನಿಲ್ಲಬೇಕು. ನಿಮಿಷಕ್ಕೆ ಒಂದು ಪಿಎಸ್‌ಐಗಿಂತ ವೇಗವಾಗಿ ಇಳಿದರೆ ಸೋರಿಕೆ ಇದೆ. ಸಿಲಿಂಡರ್ ಬುಡ, ಹೆಡ್, ಮ್ಯಾನಿಫೋಲ್ಡ್, ಮ್ಯಾಗ್ನೆಟ್ ಹಿಂದಿನ ಸೀಲ್‌ಗೆ ಸೋಪು ನೀರು ಹಚ್ಚಿ ಗುಳ್ಳೆ ಎಲ್ಲಿ ಬರುತ್ತದೆ ನೋಡಿ. ಗೇರ್ ಆಯಿಲ್ ತುಂಬುವ ಬಾಯಿಗೂ ಸೋಪು ನೀರಿನ ಪದರ ಹಿಡಿಸಿ. ಅಲ್ಲಿ ಗುಳ್ಳೆ ಎದ್ದರೆ ಬಲಗಡೆ ಸೀಲ್ ಹೋಗಿದೆ ಅನ್ನುವುದರಲ್ಲಿ ಅನುಮಾನವಿಲ್ಲ. 10 ಪಿಎಸ್‌ಐ ದಾಟಿಸಬೇಡಿ, ಒಳ್ಳೆಯ ಸೀಲೂ ಜಾಗ ಬಿಟ್ಟೀತು.

ಸೀಲ್ ಬದಲಿಸುವಾಗ ಎರಡೂ ಬದಿಯದ್ದನ್ನು ಒಟ್ಟಿಗೇ ಹಾಕಿ. ಹೊಸ ಸೀಲಿನ ತುಟಿಗೆ ಆಯಿಲ್ ಸವರಿ ಕೂರಿಸಿ. ಕ್ರ್ಯಾಂಕ್ ತುದಿಯನ್ನು ಹಿಡಿದು ಮೇಲೆ-ಕೆಳಗೆ ಅಲುಗಿಸಿ ನೋಡಿ. ಆಟ ಇದ್ದರೆ ಬೇರಿಂಗ್ ಸವೆದಿದೆ, ಅದನ್ನು ಬಿಟ್ಟು ಬರೀ ಸೀಲ್ ಹಾಕಿದರೆ ತಿಂಗಳಲ್ಲಿ ಮತ್ತೆ ಅದೇ ಕತೆ. ಹೇಗೂ ಬಿಚ್ಚಿದ್ದೀರಿ, ಮಿಶ್ರಣವನ್ನು ಒಳಗೆ ಬಿಟ್ಟು ಹಿಂದೆ ಬಾರದಂತೆ ತಡೆಯುವ ರೀಡ್ ವಾಲ್ವಿನ ಎಲೆಗಳನ್ನೂ ಬೆಳಕಿಗೆ ಹಿಡಿಯಿರಿ. ತುದಿ ಚೂರಾಗಿದ್ದರೆ ಅಥವಾ ಎಲೆಯ ಸಂದಿಯಲ್ಲಿ ಬೆಳಕು ಧಾರಾಳವಾಗಿ ಕಂಡರೆ ಬದಲಿಸಿ. ಮ್ಯಾಗ್ನೆಟ್ ಕಳಚಿದಾಗ ಅದನ್ನು ಕ್ರ್ಯಾಂಕಿಗೆ ಹಿಡಿದಿಡುವ ಅರ್ಧಚಂದ್ರ ಕೀ ನೋಡಿ. ಅದು ಸ್ವಲ್ಪ ಕತ್ತರಿಸಿಕೊಂಡಿದ್ದರೂ ಟೈಮಿಂಗ್ ಜಾರುತ್ತದೆ, ಕಿಡಿ ಇದ್ದೂ ಇಲ್ಲದಂತೆ. ಕಿಕ್ಕರ್ ಕಾಲಿಗೆ ತಿರುಗಿ ಹೊಡೆಯುವುದು ಅದರ ಸೂಚನೆ.

ಪೆಟ್ರೋಲಿಗೇ ಆಯಿಲ್ ಬೆರೆಸುವವರಾದರೆ ಲೀಟರಿಗೆ 25 ಮಿ.ಲೀ. ಅಂದರೆ 1:40 ಸರಿಯಾದ ಲೆಕ್ಕ. 'ಇರಲಿ ಸ್ವಲ್ಪ' ಅಂತ ಕಣ್ಣಳತೆಯಲ್ಲಿ ಸುರಿಯಬೇಡಿ. ಔಷಧಿಯ ಸಿರಿಂಜ್ ಇದಕ್ಕೆ ಒಳ್ಳೆಯ ಅಳತೆ.

ಮಗನ 110 ಸಿಸಿ ಪುಟ್ಟ ಡರ್ಟ್ ಬೈಕಿಗೆ ನೀರು ಹೊಡೆದು ತೊಳೆದೆ. ಅಂದಿನಿಂದ ಸ್ಟಾರ್ಟ್ ಇಲ್ಲ. ಪ್ಲಗ್ ಒದ್ದೆಯಾಗುತ್ತದೆ, ಕಿಡಿ ಕಾಣುವುದಿಲ್ಲ. ಎಲ್ಲಿಂದ ಶುರು ಮಾಡಲಿ?
— ಮೈಸೂರು

ಮೊದಲು ಕಿಡಿ ನೋಡುವ ರೀತಿ ಸರಿಯಿದೆಯೇ ಖಚಿತ ಮಾಡಿಕೊಳ್ಳಿ. ಬಿಚ್ಚಿದ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್‌ನ ಬಣ್ಣ ಹಚ್ಚದ ಭಾಗಕ್ಕೆ ಗಟ್ಟಿಯಾಗಿ ತಾಗಿರಬೇಕು. ಪ್ಲಗ್ ಕೂರುವ ತೂತಿನಿಂದ ದೂರ ಇಡಿ. ಅಲ್ಲಿಂದ ಹೊರಬರುವ ಆವಿಗೆ ಬೆಂಕಿ ಹತ್ತುತ್ತದೆ. ತೂತಿಗೆ ಬಟ್ಟೆ ಮುಚ್ಚಿ. ನೆರಳಲ್ಲಿ ಕಿಕ್ ಹೊಡೆದಾಗ ದಪ್ಪ ನೀಲಿ ಕಿಡಿ ಚಟಪಟ ಸದ್ದಿನೊಂದಿಗೆ ಬರಬೇಕು. ಕೆಂಪು-ಹಳದಿ ಎಳೆಯಂಥ ಕಿಡಿ ಹೊರಗಿನ ಗಾಳಿಯಲ್ಲಿ ಹಾರಿದರೂ ಸಿಲಿಂಡರಿನ ಒತ್ತಡದಲ್ಲಿ ಹಾರಲಾರದು. ಪ್ಲಗ್ಗಿನ ಸಂದು 0.7 ಮಿ.ಮೀ. ಇರಲಿ.

ತೊಳೆದ ಮೇಲೆ ಕೆಟ್ಟದ್ದು ಅಂದರೆ ಪ್ಲಗ್ ಕ್ಯಾಪಿನೊಳಗೆ ಅಥವಾ ಕಿಲ್ ಸ್ವಿಚ್ಚಿನೊಳಗೆ ನೀರು. ಕ್ಯಾಪನ್ನು ವೈರಿನಿಂದ ಎಡಕ್ಕೆ ತಿರುಗಿಸಿ ಬಿಚ್ಚಿ. ವೈರಿನ ತುದಿ ಹಸಿರುಗಟ್ಟಿದ್ದರೆ 5 ಮಿ.ಮೀ. ಕತ್ತರಿಸಿ ಹೊಸ ತುದಿಗೆ ಕ್ಯಾಪ್ ತಿರುಗಿಸಿ ಹಾಕಿ. ಕ್ಯಾಪ್ ಇಲ್ಲದೆ ಬರೀ ವೈರಿನ ತುದಿಯನ್ನು ಎಂಜಿನ್ ಮೈಯಿಂದ 5 ಮಿ.ಮೀ. ದೂರ ಇಟ್ಟು ಕಿಕ್ ಹೊಡೆದಾಗ ಕಿಡಿ ಹಾರಿದರೆ ಕ್ಯಾಪೇ ಅಪರಾಧಿ. ವೈರನ್ನು ಕೈಯಲ್ಲಿ ಹಿಡಿಯದೆ ಒಣ ಮರದ ಕಡ್ಡಿಗೆ ಕಟ್ಟಿ ಹಿಡಿಯಿರಿ.

ಈ ಪುಟ್ಟ ಗಾಡಿಗಳಲ್ಲಿ ಕಿಡಿಗೆ ಬ್ಯಾಟರಿ ಬೇಡ, ಮ್ಯಾಗ್ನೆಟ್ಟೇ ಸಿಡಿಐಗೆ ಕರೆಂಟ್ ಕೊಡುತ್ತದೆ. ಕಿಲ್ ಸ್ವಿಚ್ ಒತ್ತಿದಾಗ ಒಂದು ವೈರು, ಸಾಮಾನ್ಯವಾಗಿ ಕಪ್ಪು-ಬಿಳಿ ಗೆರೆಯದ್ದು, ಎಂಜಿನ್ ಮೈಗೆ ತಾಗಿ ಕಿಡಿ ಸಾಯುತ್ತದೆ. ಹಾಗಾಗಿ ಸ್ವಿಚ್ಚಿನೊಳಗೆ ನೀರಿದ್ದರೆ ಅದು ಸದಾ ಆಫ್ ಇದ್ದಂತೆಯೇ. ಸಿಡಿಐ ಬಳಿ ಆ ಒಂದು ವೈರಿನ ಕನೆಕ್ಟರ್ ಬಿಡಿಸಿ ಕಿಕ್ ಹೊಡೆಯಿರಿ. ಕಿಡಿ ಬಂದರೆ ಸ್ವಿಚ್ ಬಿಚ್ಚಿ ಒಣಗಿಸಿದರೆ ಮುಗಿಯಿತು. ಪರೀಕ್ಷೆಯಾದ ಮೇಲೆ ಅದನ್ನು ಮತ್ತೆ ಜೋಡಿಸಲೇಬೇಕು. ಮಗು ಓಡಿಸುವ ಗಾಡಿಗೆ ಕಿಲ್ ಸ್ವಿಚ್ ಇಲ್ಲದೆ ಬಿಡುವುದು ಸಲ್ಲ. ಬ್ಯಾಟರಿಯಿಂದ ಕಿಡಿ ಪಡೆಯುವ ದೊಡ್ಡ ಗಾಡಿಗಳಿಗೆ ಈ ಉಪಾಯ ಹೊಂದುವುದಿಲ್ಲ. ಅಲ್ಲಿ ಕಿಲ್ ಸ್ವಿಚ್ ಕರೆಂಟನ್ನು ಕಡಿಯುತ್ತದೆ, ವೈರು ಬಿಡಿಸಿದರೆ ಇನ್ನೂ ಸ್ಟಾರ್ಟ್ ಆಗುವುದಿಲ್ಲ.

ಇಷ್ಟಾದರೂ ಕಿಡಿ ಇಲ್ಲವೆಂದರೆ ಕನೆಕ್ಟರುಗಳನ್ನು ಒಂದೊಂದಾಗಿ ಬಿಡಿಸಿ ಒಣಗಿಸಿ. ಆಮೇಲೆ ಮ್ಯಾಗ್ನೆಟ್ ಬಳಿ ಇದ್ದು ಕಿಡಿಯ ಹೊತ್ತನ್ನು ಸಿಡಿಐಗೆ ತಿಳಿಸುವ ಪಿಕಪ್ ಕಾಯಿಲನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ: ಈ ಬಗೆಯ ಎಂಜಿನ್‌ಗಳಲ್ಲಿ ಸುಮಾರು 100ರಿಂದ 200 ಓಮ್, ಚಾರ್ಜ್ ಕೊಡುವ ಕಾಯಿಲ್ ಕೆಲವು ನೂರು ಓಮ್. ಮೀಟರ್ ಸೊನ್ನೆ ತೋರಿಸಿದರೆ ಅಥವಾ ಏನನ್ನೂ ತೋರಿಸದಿದ್ದರೆ ಕಾಯಿಲ್ ಹೋಗಿದೆ. ಎರಡೂ ಸರಿಯಿದ್ದಾಗ ಮಾತ್ರ ಸಿಡಿಐ ಮೇಲೆ ಅನುಮಾನ ಪಡಿ. ಅದನ್ನು ಮೀಟರಿನಲ್ಲಿ ಅಳೆಯಲಾಗದು. ಅಂಥದ್ದೇ ಇನ್ನೊಂದು ಗಾಡಿಯದನ್ನು ಸಿಕ್ಕಿಸಿ ನೋಡುವುದೇ ಪರೀಕ್ಷೆ.

250 ಸಿಸಿ ಫೋರ್ ಸ್ಟ್ರೋಕ್ ಮೋಟೋಕ್ರಾಸ್ ಗಾಡಿ, ಕಿಕ್ ಮಾತ್ರ. ಬೆಳಿಗ್ಗೆ ಎಷ್ಟು ಹೊಡೆದರೂ ಸ್ಟಾರ್ಟ್ ಇಲ್ಲ, ಇಳಿಜಾರಿನಲ್ಲಿ ತಳ್ಳಿದರೆ ಕೂಡಲೇ ಸ್ಟಾರ್ಟ್. ಓಡುವಾಗ ಯಾವ ತೊಂದರೆಯೂ ಇಲ್ಲ.
— ಕೊಡಗು

ತಕ್ಷಣ ಓಡಿಸುವುದನ್ನು ನಿಲ್ಲಿಸಿ ಟ್ಯಾಪೆಟ್ ಅಳೆಯಿರಿ, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು. ತಳ್ಳಿದಾಗ ಎಂಜಿನ್ ಬಿಡದೆ, ಕಿಕ್‌ಗಿಂತ ಹೆಚ್ಚು ಸುತ್ತು ತಿರುಗುತ್ತದೆ. ಸೋರುವ ವಾಲ್ವಿನಿಂದ ಕಂಪ್ರೆಷನ್ ತಪ್ಪಿಸಿಕೊಳ್ಳುವ ಮೊದಲೇ ಉರಿದುಬಿಡುತ್ತದೆ. ಕಿಕ್‌ನ ನಿಧಾನಕ್ಕೆ ಹಾಗಾಗುವುದಿಲ್ಲ. ಈ ಎಂಜಿನ್‌ಗಳಲ್ಲಿ ವಾಲ್ವ್ ಮತ್ತು ಅದರ ಸೀಟು ಸವೆದಂತೆ ವಾಲ್ವ್ ಮೇಲಕ್ಕೆ ಸರಿಯುತ್ತದೆ, ಸಂದು ದೊಡ್ಡದಾಗುವ ಬದಲು ಕಿರಿದಾಗುತ್ತಾ ಹೋಗುತ್ತದೆ. ಸದ್ದು ಬರುವುದಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ಎಂಜಿನ್ ಪೂರ್ತಿ ತಣ್ಣಗಿರುವಾಗ, ಪಿಸ್ಟನ್ ಕಂಪ್ರೆಷನ್‌ನ ತುದಿಯಲ್ಲಿರುವಾಗ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ಹಾಕಿ. ಸರಿಯಾದ ಅಳತೆ ನಿಮ್ಮ ಮಾಡೆಲ್‌ನ ಪುಸ್ತಕದಲ್ಲಿದೆ. ಈ ವರ್ಗದಲ್ಲಿ ಇನ್‌ಟೇಕ್ ಸಾಧಾರಣ 0.10–0.15, ಎಕ್ಸಾಸ್ಟ್ 0.17–0.22 ಮಿ.ಮೀ. ಆಸುಪಾಸು. ಇನ್‌ಟೇಕ್‌ಗೆ 0.05ರ ಎಲೆಯೂ ಹೋಗದಿದ್ದರೆ ಕಾರಣ ಸಿಕ್ಕಿತು. ಶಿಮ್ (ಸಂದು ಹೊಂದಿಸುವ ಪುಟ್ಟ ಲೋಹದ ಬಿಲ್ಲೆ) ಬದಲಿಸಿ ಸರಿ ಮಾಡಬಹುದು. ಆದರೆ ಯಾವ ವಾಲ್ವಿಗೆ ಎಷ್ಟರ ಶಿಮ್ ಅಂತ ತಾರೀಖಿನೊಂದಿಗೆ ಬರೆದಿಡಿ. ಒಮ್ಮೆ ಸರಿ ಮಾಡಿದ್ದು ಕೆಲವೇ ಗಂಟೆಗಳ ಓಟದಲ್ಲಿ ಮತ್ತೆ ಬಿಗಿಯಾದರೆ ವಾಲ್ವಿನ ಮುಖವೇ ಸವೆದಿದೆ, ಶಿಮ್ ಅದಕ್ಕೆ ಪರಿಹಾರವಲ್ಲ. ಟೈಟಾನಿಯಂ ವಾಲ್ವನ್ನು ಗ್ರೈಂಡಿಂಗ್ ಪೇಸ್ಟ್ ಹಾಕಿ ಉಜ್ಜಿಸಬೇಡಿ. ಮೇಲಿನ ಗಟ್ಟಿ ಲೇಪ ಹೋದರೆ ಅದು ಬೇಗ ಸವೆಯುತ್ತದೆ. ಹೊಸದನ್ನೇ ಹಾಕಬೇಕು, ಸೀಟನ್ನೂ ಕತ್ತರಿಸಿ ಹೊಂದಿಸಬೇಕು.

ಕಂಪ್ರೆಷನ್ ಗೇಜ್ ಇಟ್ಟು ಗಾಬರಿಯಾಗಬೇಡಿ. ಕಿಕ್ ಹಗುರವಾಗಲೆಂದು ಕ್ಯಾಮ್‌ನಲ್ಲಿರುವ ಡಿಕಂಪ್ರೆಸರ್‌ನಿಂದಾಗಿ ಅದು ಯಾವಾಗಲೂ ಕಡಿಮೆಯೇ ತೋರಿಸುತ್ತದೆ. ಪ್ಲಗ್ ತೂತಿನಿಂದ ಸಿಲಿಂಡರಿಗೆ ಕಂಪ್ರೆಸರ್ ಗಾಳಿ ಬಿಟ್ಟು ಕಿವಿಗೊಡುವುದೇ ಮೇಲು. ಹಿಸ್ ಸದ್ದು ಗಾಳಿ ಬರುವ ಬಾಯಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್, ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ರಿಂಗ್.

ಸವೆತಕ್ಕೆ ಮೂಲ ಬಹುತೇಕ ಸಲ ಕೆಮ್ಮಣ್ಣಿನ ಧೂಳು. ಫೋಮ್ ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೆಗೆದು, ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಫಿಲ್ಟರ್ ಆಯಿಲ್ ಹಾಕಿ ಹಿಂಡಿ. ಪೆಟ್ರೋಲಿನಲ್ಲಿ ತೊಳೆದರೆ ಅಂಟು ಬಿಟ್ಟು ಹೊಲಿಗೆ ಬಾಯಿಬಿಡುತ್ತದೆ. ಡಬ್ಬಿಗೆ ಕೂರುವ ಅಂಚಿಗೆ ತೆಳುವಾಗಿ ಗ್ರೀಸ್ ಸವರಿ.

ಕಾರ್ಬರೇಟರ್ ಇರುವ ಹಳೆಯ ಮಾಡೆಲ್ ಆದರೆ ಕಿಕ್ ಹೊಡೆಯುವಾಗ ಆಕ್ಸಿಲರೇಟರ್ ಮುಟ್ಟಬೇಡಿ. ತಿರುವಿದಾಗೆಲ್ಲ ಒಳಗಿನ ಪಂಪು ಹಸಿ ಪೆಟ್ರೋಲ್ ಚಿಮ್ಮಿಸಿ ಪ್ಲಗ್ ನೆನೆಸುತ್ತದೆ. ಕಿಕ್ಕರನ್ನು ಮೆಲ್ಲಗೆ ಒತ್ತಿ ಗಟ್ಟಿ ತಡೆ ಸಿಗುವಲ್ಲಿ ನಿಲ್ಲಿಸಿ, ತುಸು ದಾಟಿಸಿ, ಮೇಲೆ ಬಿಟ್ಟು, ಪೂರ್ತಿ ಉದ್ದಕ್ಕೆ ಒಂದೇ ಸಮ ಒದೆಯಿರಿ. ಅರ್ಧರ್ಧ ಒದೆತ ಇಪ್ಪತ್ತಾದರೂ ಪ್ರಯೋಜನವಿಲ್ಲ.

ಹಳ್ಳ ದಾಟುವಾಗ ಗಾಡಿ ಮುಳುಗಿ ಆಫ್ ಆಯಿತು. ಸೆಲ್ಫ್ ಒತ್ತಿದರೆ 'ಟಕ್' ಅಂತ ನಿಲ್ಲುತ್ತದೆ.
— ಶಿರಸಿ

ಇನ್ನೊಮ್ಮೆ ಸೆಲ್ಫ್ ಒತ್ತಲೇಬೇಡಿ, ತಳ್ಳಿ ಸ್ಟಾರ್ಟ್ ಮಾಡಲೂ ಬೇಡಿ. ಸಿಲಿಂಡರಿನಲ್ಲಿ ನೀರು ತುಂಬಿದೆ. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಒತ್ತಾಯ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ, ಕೀ ಆಫ್ ಇರುವಾಗ ಟಾಪ್ ಗೇರಿನಲ್ಲಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಕಿಕ್ ಇದ್ದರೆ ಮೆಲ್ಲಗೆ ಒತ್ತಿ. ಪ್ಲಗ್ ತೂತಿನಿಂದ ನೀರು ಚಿಮ್ಮುತ್ತದೆ, ಮುಖ ದೂರ ಇರಲಿ. ನೀರು ನಿಲ್ಲುವವರೆಗೆ ಹೀಗೇ ಮಾಡಿ. ಏರ್ ಫಿಲ್ಟರ್ ತೆಗೆದು ಹಿಂಡಿ, ಡಬ್ಬಿಯ ಕೆಳಗಿನ ಡ್ರೈನ್ ಪೈಪಿನ ಮುಚ್ಚಳ ತೆಗೆಯಿರಿ. ಇಬ್ಬರು ಸೇರಿ ಮುಂದಿನ ಚಕ್ರ ಎತ್ತಿ ಗಾಡಿಯನ್ನು ಹಿಂದಿನ ಚಕ್ರದ ಮೇಲೆ ನಿಲ್ಲಿಸಿದರೆ ಸೈಲೆನ್ಸರಿನ ನೀರು ಇಳಿಯುತ್ತದೆ. ಕಾರ್ಬರೇಟರ್ ಇದ್ದರೆ ಬಟ್ಟಲನ್ನು ಬಸಿಯಿರಿ.

ಎಂಜಿನ್ ಆಯಿಲ್ ನೋಡುವ ಗಾಜಿನಲ್ಲಿ ಹಾಲು ಬೆರೆಸಿದ ಕಾಫಿ ಬಣ್ಣ ಕಂಡರೆ ಆ ಆಯಿಲ್‌ನಲ್ಲಿ ಮನೆಯವರೆಗೂ ಓಡಿಸಬೇಡಿ. ಹೊಸದು ಹಾಕಿ ಐದು ನಿಮಿಷ ಐಡಲ್ ಮಾಡಿ, ಅದನ್ನೂ ತೆಗೆದು ಮತ್ತೆ ಹೊಸದು ಹಾಕಿ. ಬಣ್ಣ ತಿಳಿಯಾಗುವವರೆಗೆ ಎರಡು-ಮೂರು ಸಲ ಬೇಕಾದೀತು. ಫಿಲ್ಟರನ್ನು ಕೊನೆಯ ಸಲ ಬದಲಿಸಿ.

ಸ್ಟಾರ್ಟ್ ಆಗುತ್ತದೆ, ಹತ್ತು ನಿಮಿಷಕ್ಕೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್.
— ಮಂಗಳೂರು, ಬಳ್ಳಾರಿ

ಎರಡೂ ಊರಿನಿಂದ ಒಂದೇ ದೂರು ಬಂದಿದೆ, ಕಾರಣ ಬೇರೆ ಇರಬಹುದು. ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. 'ಸುಸ್' ಅಂತ ಗಾಳಿ ಒಳಹೋಗಿ, ಅರ್ಧ ನಿಮಿಷದಲ್ಲಿ ಗಾಡಿ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಪೆಟ್ರೋಲ್ ಇಳಿದಷ್ಟು ಗಾಳಿ ಒಳಬರದೆ ಧಾರೆ ನಿಂತುಹೋಗುತ್ತಿದೆ. ತೂತು ಸ್ವಚ್ಛ ಮಾಡಿ, ಗಾಳಿ ಪೈಪು ಹ್ಯಾಂಡಲ್ ಕೆಳಗೆ ಮಡಚಿಕೊಂಡಿಲ್ಲವೇ ನೋಡಿ.

ಮುಚ್ಚಳ ತೆಗೆದರೂ ಫಲವಿಲ್ಲದೆ, ಎಂಜಿನ್ ತಣ್ಣಗಾದ ಮೇಲಷ್ಟೇ ಸ್ಟಾರ್ಟ್ ಆಗುವುದಾದರೆ ಬಿಸಿಗೆ ಸೋಲುತ್ತಿರುವ ಪಿಕಪ್ ಕಾಯಿಲ್ ಅಥವಾ ಇಗ್ನಿಷನ್ ಕಾಯಿಲ್ ಮೇಲೆ ಕಣ್ಣಿಡಿ. ತಣ್ಣಗಿರುವಾಗ ಅಳೆದರೆ ಎಲ್ಲವೂ ಸರಿಯೇ ತೋರುತ್ತದೆ. ಆದ್ದರಿಂದ ನಿಂತ ಜಾಗದಲ್ಲೇ, ಬಿಸಿ ಇರುವಾಗಲೇ ಬೇರೊಂದು ಪ್ಲಗ್ ಸಿಕ್ಕಿಸಿ ಕಿಡಿ ನೋಡಬೇಕು. ಜೇಬಿನಲ್ಲಿ ಪ್ಲಗ್ ಸ್ಪ್ಯಾನರೂ ಒಂದು ಒಳ್ಳೆಯ ಹಳೇ ಪ್ಲಗ್ಗೂ ಇರಲಿ. ಕಿಡಿ ಇಲ್ಲದಿದ್ದರೆ ಇಗ್ನಿಷನ್ ಕಾಯಿಲ್ ಮೇಲೆ ಒದ್ದೆ ಬಟ್ಟೆ ಎರಡು ನಿಮಿಷ ಹಾಕಿ ಮತ್ತೆ ನೋಡಿ. ಆಗ ಕಿಡಿ ಬಂದರೆ ಬದಲಿಸಬೇಕಾದ್ದು ಆ ಕಾಯಿಲ್. ಬರದಿದ್ದರೆ ಪಿಕಪ್ ಕಾಯಿಲ್ ಓಮ್ ಆ ಬಿಸಿಯಲ್ಲೇ ಅಳೆಯಿರಿ, ತಣ್ಣಗಿದ್ದಾಗಿನ ಲೆಕ್ಕದ ಪಕ್ಕದಲ್ಲಿ ಬರೆದುಕೊಂಡು ನಮಗೂ ಕಳಿಸಿ.